ಹೆಸರಿನ ಜಾಗ ಖಾಲಿ ಬಿಡಿ

"ಇದನ್ನ ಮಾಡಿದ್ದು ನೀನೇ ತಾನೆ?"

ಬಹ್ಗತ್ ಮಡಿಸಿದ ಕಾಗದವನ್ನು ಬಿಡಿಸಿ, ಅಂಗೈಯಿಂದ ನೀವಿ, ಕಂಪ್ಯೂಟರಿನ ಕೀಲಿಮಣೆಯ ಮೇಲೆಯೇ ಇಟ್ಟರು. ಇಬ್ತಿಹಾಲಳ ಬೆರಳುಗಳು ಕಾಗದದ ಅಡಿಗೆ ಸಿಕ್ಕಿಕೊಂಡವು. ಅವಳು ಅವನ್ನು ಎಳೆದುಕೊಳ್ಳಲಿಲ್ಲ.

ಕಾಗದದ ಮೇಲೆ ಅಂಗೈಯಗಲದ ಒಂದು ಚಿತ್ರವಿತ್ತು. ಬಿಳಿ ಮತ್ತು ತಿಳಿನೀಲಿ. ಗೋಡೆಗೆ ಒರಗಿ ನಿಂತ ಒಬ್ಬ ಹೆಂಗಸು. ಮುಖ ಇರಬೇಕಾದ ಕಡೆ ಬಿಳಿ ಗುಲಾಬಿಯ ಗೊಂಚಲು. ಪಕ್ಕದಲ್ಲಿ ಎರಡು ಸಾಲು: 'ಮರೆತರೆ ತಪ್ಪಿಲ್ಲ. ಪ್ರಾರ್ಥನೆಯಲ್ಲಿ ಒಮ್ಮೆ ನೆನೆಯಿರಿ.' ಅದರ ಕೆಳಗೆ ಒಂದು ಹೆಸರು, ನಶ್ವಾ. ಎಡಮೂಲೆಯಲ್ಲಿ ಸಾಸಿವೆಗಿಂತ ಸಣ್ಣವಾದ ಮೂರು ಮುತ್ತುಗಳು.

"ಮುತ್ತು ನನ್ನ ಗುರುತೇ," ಎಂದಳು ಇಬ್ತಿಹಾಲ್. "ನಾನೇ ಮಾಡಿದ್ದು, ಹಾಜಿಯವರೇ."

ಬಾಗಿಲು ಪೂರ್ತಿ ತೆರೆದಿತ್ತು. ಪರಗಂಡಸು ಬಂದಾಗ ದಸೂಕ್ ಪಟ್ಟಣದ ಆ ಬೀದಿಯಲ್ಲಿ ಯಾವ ಮನೆಯ ಬಾಗಿಲೂ ಹಾಕುವುದಿಲ್ಲ. ಹೊಸ್ತಿಲ ಪಕ್ಕದಲ್ಲಿ ಅವಳ ತಾಯಿ ತಫೀದಾ ದೊಡ್ಡ ತಟ್ಟೆಯಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ ಕೂತಿದ್ದಳು. ಮುದುಕಿಗೆ ಕಿವಿ ಮಂದ, ನಾಲಿಗೆ ಚುರುಕು.

"ಯಾರೇ ಅದು? ಗಂಡಿನ ಕಡೆಯವರಾ?"

"ಅಲ್ಲಮ್ಮಾ. ನಶ್ವಾಳ ತಂದೆ."

"ಹಾಗನ್ನು. ಗಂಡಿನ ಕಡೆಯವರಾಗಿದ್ರೆ ಸಿಹಿ ಡಬ್ಬ ತರ್ತಿದ್ರು, ಕಾಗದ ಯಾಕೆ ತರ್ತಾರೆ?" ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನು ಹಾಜಿ, ಕಪ್ಪು ಕೋಟಿನ ತೋಳಿಗೆ ಕೆಂಪು ದಾರದಲ್ಲಿ ಗುಂಡಿ ಹಾಕ್ಕೊಂಡಿದ್ದೀರಿ? ಮನೇಲಿ ಹೆಂಗಸರಿಲ್ವಾ?"

"ಇದ್ದಳು," ಎಂದರು ಬಹ್ಗತ್. ಗುಂಡಿಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಆ ದಿನ ಬೆಳಿಗ್ಗೆ ತಾವೇ ಹೊಲಿದದ್ದು. ಕಪ್ಪು ದಾರ ಎಲ್ಲಿದೆ ಎಂಬುದು ಆ ಮನೆಯಲ್ಲಿ ನಶ್ವಾಳಿಗೆ ಮಾತ್ರ ಗೊತ್ತಿತ್ತು.

ತಿಂಗಳಾಯಿತು. ಅಕ್ಟೋಬರ್ ಆರರ ರಜೆಯ ದಿನ ನಶ್ವಾಳ ಚಪ್ಪಲಿ ಮತ್ತು ಕೈಚೀಲ ಅವರ ಊರಾದ ದಮನ್‌ಹೂರಿನ ಕಾಲುವೆಯ ಸೇತುವೆಯ ಮೇಲೆ ಸಿಕ್ಕಿದ್ದವು; ನಶ್ವಾ ಸಿಕ್ಕಿರಲಿಲ್ಲ. ಹುಡುಗಿ ತಾನಾಗಿ ಹಾರಿದ್ದಾಳೆ ಎಂದು ಬರೆದು ಪೊಲೀಸರು ಕಡತ ಕಟ್ಟಿಟ್ಟಿದ್ದರು.

ಆ ಒಂದು ಮಾತು ಬರಹದಲ್ಲಿ ಬಂದದ್ದೇ, ಮನೆ ಮುಂದೆ ಸಾಂತ್ವನಕ್ಕೆ ಬಂದವರು ಕೂರುವ ಶಾಮಿಯಾನ ಏಳಲಿಲ್ಲ. ಕುರ್‌ಆನ್ ಓದುವವರನ್ನು ಕರೆಯಲು ಹೋದಾಗ ಅವರು ಗಡ್ಡ ನೀವಿಕೊಂಡು ನೆಲ ನೋಡಿದರು. ನೆರೆಯವರು ಬಂದರು, ಕೂರಲಿಲ್ಲ. ಕೈ ಹಿಡಿದರು, ಮಾತಾಡಲಿಲ್ಲ. ತಾನಾಗಿ ಪ್ರಾಣ ಬಿಟ್ಟವಳಿಗೆ ಏನೆಂದು ಬೇಡುವುದು ಎಂದು ಯಾರಿಗೂ ತಿಳಿಯಲಿಲ್ಲ. ಬಹ್ಗತ್ ಅಂದೇ ಸಂಕಲ್ಪ ಮಾಡಿದ್ದರು: ಆ ಮಾತನ್ನು ಕಡತದಿಂದ ಅಳಿಸುವವರೆಗೂ ತಾವು ಮಗಳಿಗಾಗಿ ಸಾಂತ್ವನ ಸ್ವೀಕರಿಸುವುದಿಲ್ಲ. ಮೂವತ್ತೊಂದು ವರ್ಷ ಪೊಲೀಸ್ ಪ್ರಯೋಗಾಲಯದಲ್ಲಿ ಸತ್ತವರ ಚಿತ್ರ ತೆಗೆದವರು ಅವರು. ನಾಳೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪ್ರಾಸಿಕ್ಯೂಷನ್ ಕಚೇರಿಯ ಅಧಿಕಾರಿ, ಹಳೆಯ ಪರಿಚಯದ ದಾಕ್ಷಿಣ್ಯಕ್ಕೆ, ಕಾಲು ಗಂಟೆ ಕೊಟ್ಟಿದ್ದ.

ಆ ಕಾಲು ಗಂಟೆಗೆ ಅವರ ಕೈಯಲ್ಲಿದ್ದದ್ದು ಈ ಒಂದು ಕಾಗದ.

"ಹಾಗಾದ್ರೆ ಕೇಳು, ಮಗಳೇ." ಅವರು ಚಿತ್ರದ ಮೇಲ್ಗಡೆ ಬೆರಳಿಟ್ಟರು. "ಇಲ್ಲಿ ನನ್ನ ಮಗಳು ನಿಮ್ಮ ಫೋರಂನಲ್ಲಿ ಎಲ್ಲರಿಗೂ ಹಬ್ಬದ ಶುಭಾಶಯ ಬರೆದಿದ್ದಾಳೆ. ತಾರೀಕು ನೋಡು. ಈದ್ ಹಬ್ಬದ ಮೊದಲನೇ ದಿನ, ಬೆಳಿಗ್ಗೆ ಹತ್ತು ಗಂಟೆ. ಅದರ ಕೆಳಗೇ ಅವಳ ಸಾವಿನ ಚಿತ್ರ. ಅವಳು ಕಾಣೆಯಾಗಿದ್ದು ಆರನೇ ತಾರೀಕು. ಹಬ್ಬದ ದಿನವೇ ಚಿತ್ರ ತಯಾರಿತ್ತು ಅಂದ್ರೆ, ಅವಳು ಸಾಯ್ತಾಳೆ ಅಂತ ಯಾರಿಗೋ ಮೊದಲೇ ಗೊತ್ತಿತ್ತು. ನಿನಗೆ ಗೊತ್ತಿತ್ತು."

ಇಬ್ತಿಹಾಲಳಿಗೆ ಮೂವತ್ತರ ಮೇಲಿರಬೇಕು. ದಪ್ಪ ಕನ್ನಡಕ, ಶಾಯಿ ಬಣ್ಣದ ತಲೆವಸ್ತ್ರ. ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು. 'ಮಲ್ಲಿಗೆಯಂಗಳ' ಎಂಬ ಆ ಅಂತರ್ಜಾಲದ ಫೋರಂನಲ್ಲಿ ಸದಸ್ಯರಿಗೆ ಸಹಿಚಿತ್ರ ಮಾಡಿಕೊಡುವ ವಿಭಾಗ ಅವಳದೂ ನಶ್ವಾಳದೂ. ಪ್ರತಿಯೊಬ್ಬರೂ ತಾವು ಬರೆದದ್ದರ ಕೆಳಗೆ ತಮ್ಮದೆಂದು ಹಾಕಿಕೊಳ್ಳುವ ಆ ಪುಟ್ಟ ಅಲಂಕಾರದ ಚಿತ್ರಗಳನ್ನು ಇಬ್ಬರೂ ನಾಲ್ಕು ವರ್ಷ ಪುಕ್ಕಟೆಯಾಗಿ, ಪುಣ್ಯಕ್ಕೆಂದು ಮಾಡಿದ್ದರು.

ಅವಳು ಅಳುತ್ತಾಳೆ, ಇಲ್ಲವೇ ಬಾಗಿಲು ತೋರಿಸುತ್ತಾಳೆ ಎಂದು ಬಹ್ಗತ್ ಎಣಿಸಿದ್ದರು. ಅವಳು ಕಾಗದವನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

"ಹಾಜಿಯವರೇ, ಇಲ್ಲಿ ನೋಡಿ."

ಪರದೆಯ ಮೇಲೆ ಅವಳು ಬರೆದ ಯಾವುದೋ ಹಳೆಯ ಪತ್ರ ಬಂತು. ಮೂರು ವರ್ಷದ ಹಿಂದಿನದು. ಕೆಳಗೆ ಅವಳ ಸಹಿಚಿತ್ರ, ಮುತ್ತಿನ ಸರ. ಅವಳು ಬೇರೊಂದು ಪುಟ ತೆರೆದು, ಸರವನ್ನು ತೆಗೆದು, ಚಹಾ ಲೋಟದ ಒಂದು ಚಿತ್ರ ಹಾಕಿದಳು. ಮತ್ತೆ ಆ ಹಳೆಯ ಪತ್ರಕ್ಕೆ ಬಂದಳು.

ಮೂರು ವರ್ಷದ ಹಿಂದಿನ ಪತ್ರದ ಕೆಳಗೆ ಚಹಾ ಲೋಟವಿತ್ತು.

"ಸಹಿ ಪತ್ರಕ್ಕೆ ಅಂಟಿರಲ್ಲ ಹಾಜಿ, ಮನುಷ್ಯರಿಗೆ ಅಂಟಿರುತ್ತೆ. ಇವತ್ತು ಬದಲಾಯಿಸಿದ್ರೆ ಅವರು ಹಿಂದೆ ಬರೆದದ್ದಕ್ಕೆಲ್ಲ ಇವತ್ತಿನದೇ ಬರುತ್ತೆ. ನಶ್ವಾ ಫೋರಂಗೆ ಸೇರಿದ ಮೊದಲನೇ ದಿನದ ಪತ್ರ ತೆಗೀರಿ, ಅದರ ಕೆಳಗೂ ಈ ಚಿತ್ರವೇ ಇದೆ. ನಾಲ್ಕು ವರ್ಷದ ಹಿಂದೇನೇ ಅವಳು ಸತ್ತ ಹಾಗೆ."

ಬಹ್ಗತ್ ಕಾಗದವನ್ನು ಕೈಗೆತ್ತಿಕೊಂಡರು.

ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ಹುಡುಗರಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠ: ಚಿತ್ರ ತನ್ನ ಹೊತ್ತನ್ನು ತಾನೇ ಹೇಳುತ್ತದೆ, ನೆರಳು ನೋಡಿ. ಇಲ್ಲಿ ನೆರಳೇ ಇರಲಿಲ್ಲ. ಹತ್ತೊಂಬತ್ತು ದಿನ ಆ ಕಾಗದವನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದರು. ನಮಾಜಿಗೆ ಬಾಗಿದಾಗಲೆಲ್ಲ ಅದು ಜೇಬಿನಲ್ಲಿ ಸದ್ದು ಮಾಡುತ್ತಿತ್ತು. ನಾಳೆ ಅದನ್ನು ಮೇಜಿನ ಮೇಲೆ ಇಟ್ಟಿದ್ದರೆ, ಅಧಿಕಾರಿಯ ಗುಮಾಸ್ತನೇ ನಕ್ಕು ಕಳಿಸುತ್ತಿದ್ದ.

"ನೀರು ಕೊಡೇ ಅವರಿಗೆ," ಎಂದಳು ತಫೀದಾ. "ಮುಖ ನೋಡು, ಸುಣ್ಣ."

ಇಬ್ತಿಹಾಲ್ ನೀರು ತಂದಳು. ಅವರು ಕುಡಿದರು. ಕಾಗದವನ್ನು ಮತ್ತೆ ಮಡಿಸಿ ಜೇಬಿಗೆ ಸೇರಿಸಿ ಏಳಲು ಹೊರಟರು. ಎದ್ದವರು ಕುರ್ಚಿಯ ಬೆನ್ನು ಹಿಡಿದು ಹಾಗೇ ನಿಂತರು. ಕೆಲಸ ಬಿಟ್ಟು ಎಂಟು ವರ್ಷವಾದರೂ ಕೆಲಸದ ಚಾಳಿ ಬಿಟ್ಟಿರಲಿಲ್ಲ.

"ಇದನ್ನ ಅವಳ ಹೆಸರಿಗೆ ಹಾಕಿದ್ದು ಯಾರು?"

"ಅವಳ ಅಣ್ಣ ಅಂದ್ಕೊಂಡಿದ್ದೆ. ಅವಳ ಖಾತೆಯಿಂದಲೇ 'ನಾನು ಅವಳ ಅಣ್ಣ, ನಶ್ವಾ ದೇವರ ಕರುಣೆಗೆ ಸೇರಿದಳು' ಅಂತ ಬರೆದಿದ್ದರು. ಅವತ್ತಿಂದ ಈ ಚಿತ್ರ ಇದೆ."

"ಸುದ್ದಿ ತಿಳಿದ ಮೇಲೆ ನೀನು ಮಾಡಿಕೊಟ್ಟೆ."

"ಇಲ್ಲ. ನನ್ನ ಕೈಲಿ ಆಗ ಆಗ್ತಿರಲಿಲ್ಲ, ಹಾಜಿ. ಇದು ಬೇರೆ ಯಾರಿಗೋ ಮಾಡಿದ್ದು. ಯಾರೋ ಒಬ್ಬರು ತಮ್ಮ ಮಗಳು ತೀರಿಕೊಂಡಳು ಅಂತ ಮಾಡಿಸಿಕೊಂಡಿದ್ದರು. ನಶ್ವಾಳ ಹೆಸರಿನ ಕೆಳಗೆ ನೋಡಿದಾಗ ನನಗೂ ಒಂದು ಥರ ಆಯ್ತು. ಅಣ್ಣ ಎಲ್ಲಿಂದಲೋ ಎತ್ತಿಕೊಂಡಿರಬೇಕು, ಬೇರೆಯವರು ಮಾಡಿದ್ದನ್ನ ಕೇಳದೆ ಎತ್ತಿಕೊಳ್ಳೋರು ಬೇಕಾದಷ್ಟಿದ್ದಾರೆ ಅಂತ ಸುಮ್ಮನಾದೆ. ಈ ಹೆಸರು ನಾನು ಬರೆದದ್ದಲ್ಲ, ನೋಡಿ." ಅವಳು ಪರದೆಯಲ್ಲಿ ಚಿತ್ರವನ್ನು ದೊಡ್ಡದು ಮಾಡಿದಳು. "ನನ್ನ ಎರಡು ಸಾಲಿನ ಅಂಚಿಗೆ ಮಂಜು ಹಚ್ಚಿದ್ದೀನಿ, ಹಿನ್ನೆಲೆಯಲ್ಲಿ ಕರಗಿದ ಹಾಗೆ. 'ನಶ್ವಾ' ಅನ್ನೋದು ಮೇಲೆ ತಂದು ಮೆತ್ತಿದ ಹಾಗಿದೆ. ಕೆಲಸ ಬಾರದ ಕೈ."

ಬಹ್ಗತ್ ಮತ್ತೆ ಕೂತು, ಬಾಗಿ ನೋಡಿದರು. ನಿಜ. ಹೆಸರಿನ ಅಂಚು ಕತ್ತರಿಯಿಂದ ಕತ್ತರಿಸಿದಷ್ಟು ಒರಟಾಗಿತ್ತು.

"ಎಲ್ಲಿಂದ ಎತ್ತಿಕೊಂಡ?"

"ಪ್ರದರ್ಶನದ ಪುಟದಿಂದ. ನಾವು ಮಾಡಿದ ಸಹಿಚಿತ್ರಗಳನ್ನೆಲ್ಲ ಅಲ್ಲಿ..." ಅವಳ ಮಾತು ನಿಂತಿತು.

"ಅಲ್ಲಿ?"

"ಅಲ್ಲಿ ಸಾವಿನ ಚಿತ್ರಗಳನ್ನ ಹಾಕಲ್ಲ." ಅವಳ ದನಿ ಇಳಿದಿತ್ತು. "ನಶ್ವಾಳೇ ಮಾಡಿದ ನಿಯಮ. ಇನ್ನೊಬ್ಬರ ದುಃಖಾನ ಅಂಗಡಿ ಮುಂದೆ ನೇತು ಹಾಕಬಾರದು ಅಂತಿದ್ದಳು. ಕೇಳಿದವರಿಗೆ ಮಾತ್ರ, ಖಾಸಗಿ ಸಂದೇಶದಲ್ಲಿ ಕಳಿಸ್ತೀವಿ."

"ಅಂದರೆ ಈ ಚಿತ್ರ ಇದ್ದದ್ದು ಇಬ್ಬರ ಹತ್ತಿರ. ನಿನ್ನ ಹತ್ತಿರ, ಕೇಳಿದವರ ಹತ್ತಿರ."

ಅವಳು ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು. ಒಂದು ತಿಂಗಳು ಅವಳು ಅತ್ತಿದ್ದಳೇ ಹೊರತು ಯೋಚಿಸಿರಲಿಲ್ಲ.

"ಮೂಲ ಇಟ್ಟಿದ್ದೀಯಾ?" ಎಂದರು ಬಹ್ಗತ್. "ನೆಗೆಟಿವ್ ಇದ್ದ ಹಾಗೆ ಏನಾದರೂ?"

"ಪದರಗಳಿರೋ ಕಡತ ಇದೆ. ಯಾವುದನ್ನೂ ಅಳಿಸಲ್ಲ ನಾನು."

ಅವಳು ಫೋಟೋಶಾಪ್ ತೆರೆದಳು. ಕಂಪ್ಯೂಟರ್ ಹಳೆಯದು, ಒಳಗಿನ ಫ್ಯಾನು ಗೊರಗೊರ ಎನ್ನುತ್ತ ತಿರುಗಿತು. ಕಡತಗಳ ಪಟ್ಟಿಯಲ್ಲಿ ಒಂದರ ಮೇಲೆ ಬಾಣದ ಗುರುತು ನಿಂತಿತು. ಪಕ್ಕದಲ್ಲೇ ತಾರೀಕು ಇತ್ತು.

ಸೆಪ್ಟೆಂಬರ್ ಇಪ್ಪತ್ತೇಳು.

ಇಬ್ಬರೂ ಓದಿದರು. ಆ ವರ್ಷ ಅದು ರಂಜಾನಿನ ಇಪ್ಪತ್ತೇಳನೆಯ ದಿನವೂ ಆಗಿತ್ತು. ನಶ್ವಾ ಆ ಮಧ್ಯಾಹ್ನ ಅಡಿಗೆಮನೆಯಲ್ಲಿ ಹಬ್ಬದ ಬಿಸ್ಕತ್ತಿಗೆ ಹಿಟ್ಟು ನಾದುತ್ತಿದ್ದಳು. ಅಪ್ಪಾ, ಸಕ್ಕರೆ ಪುಡಿ ಮುಗಿದಿದೆ, ಎಂದು ಕೂಗಿದ್ದಳು. ಅವರು ಹೋಗಿ ತಂದಿದ್ದರು.

"ಯಾರ ಚಿತ್ರ ಅದು, ಹೂವಿನ ಹಿಂದೆ ಇರೋದು?"

"ಮಾಡಿಸಿದವರು ಕಳಿಸಿದ ಫೋಟೋ."

"ಹೂ ತೆಗಿ."

ಅವಳ ಕೈ ಹಿಂದಕ್ಕೆ ಬಂತು. "ಅದು ಆಗಲ್ಲ ಹಾಜಿ. ಹೆಂಗಸಿನ ಮುಖ. ನಂಬಿ ಕಳಿಸಿದ್ದು. ಸಹಿಯಲ್ಲಿ ಮುಖ ಕಾಣಬಾರದು ಅನ್ನೋದಕ್ಕೇ ಹೂ ಹಾಕೋದು. ನಾನು ಪರರಿಗೆ ತೋರಿಸಿದ್ರೆ ನಾಳೆ ದೇವರ ಮುಂದೆ ಏನು ಹೇಳಲಿ?"

"ತೋರಿಸೇ," ಎಂದಳು ತಫೀದಾ, ಅಕ್ಕಿಯಿಂದ ತಲೆ ಎತ್ತದೆ. ಕೇಳಬೇಕಾದ್ದು ಆ ಕಿವಿಗೆ ಕೇಳುತ್ತಿತ್ತು. "ಅಪ್ಪನಾಗಿದ್ರೆ ನೋಡೋ ಹಕ್ಕಿದೆ. ಪರಗಂಡಸಾಗಿದ್ರೆ ಆ ವಯಸ್ಸಿಗೆ ಏನು ತಾನೆ ಕಂಡೀತು?"

ಪರದೆಯ ಬಲಬದಿಯಲ್ಲಿ ಪದರಗಳ ಸಾಲು, ಪ್ರತಿಯೊಂದರ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತು. ಇಬ್ತಿಹಾಲ್ ಒಂದೊಂದೇ ಕಣ್ಣನ್ನು ಮುಚ್ಚತೊಡಗಿದಳು. ಮೂರು ಮುತ್ತು ಹೋದವು. ಬೆಳ್ಳಿಯ ಅಂಚು ಹೋಯಿತು. ಎರಡು ಸಾಲಿನ ಅಕ್ಷರ ಹೋಯಿತು. ಅದರ ಕೆಳಗೆ ಹೆಸರಿಗೆಂದು ಬಿಟ್ಟ ಜಾಗ ಖಾಲಿಯೇ ಇತ್ತು. ಮೇಲಿಂದ ಬೀಳುತ್ತಿದ್ದ ಬೆಳಕಿನ ಕೋಲುಗಳು ಹೋದವು, ನೀಲಿ ಮಂಜು ಹೋಯಿತು.

ಬಹ್ಗತ್‌ಗೆ ತಂದೆಯ ಸ್ಟುಡಿಯೊ ನೆನಪಾಯಿತು. ಗಾಜಿನ ಮೇಲೆ ಗಾಜಿಟ್ಟು ಬೆಳಕಿಗೆ ಹಿಡಿಯುತ್ತಿದ್ದುದು. ಮದುವಣಗಿತ್ತಿಯರ ಕೆನ್ನೆಯ ಕಲೆಯನ್ನು ಚೂಪು ಪೆನ್ಸಿಲಿನಿಂದ ಮುಚ್ಚುತ್ತಿದ್ದುದು. ಅದೇ ಕೆಲಸ. ಅಲ್ಲಿ ಮುಚ್ಚಿದ್ದನ್ನು ಮತ್ತೆ ತೆರೆಯಲಾಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಗುಲಾಬಿಗಳು ಹೋದವು.

ಮನೆಯ ತಾರಸಿಯ ಗೋಡೆ, ಪಾರಿವಾಳದ ಗೂಡಿನ ಹಲಗೆ. ಸಂಜೆಯ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಎದುರಿಗೆ ನಿಂತ ಯಾರನ್ನೋ ನೋಡಿ ನಗುತ್ತಿದ್ದ ಹುಡುಗಿ. ಎಡಕೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆ.

ಬಹ್ಗತ್ ಕೈಚಾಚಿ ಆ ಮಚ್ಚೆಯ ಮೇಲೆ ಬೆರಳಿಟ್ಟರು.

"ಪರಿಚಯದವರಾ, ಹಾಜಿ?" ಎಂದಳು ಇಬ್ತಿಹಾಲ್.

ಬಹ್ಗತ್ ಅವಳ ಕಡೆ ತಿರುಗಿದರು. "ನಾಲ್ಕು ವರ್ಷ ಗೆಳತಿಯರಾಗಿದ್ರಿ. ಒಬ್ಬರನ್ನೊಬ್ಬರು ನೋಡಿರಲಿಲ್ವಾ?"

"ಎಲ್ಲಿ ನೋಡೋದು? ಫೋರಂನಲ್ಲಿ ಯಾರೂ ಮುಖ ತೋರಿಸಲ್ಲ. ಮುಂದಿನ ಬೇಸಿಗೇಲಿ ಸೇರೋಣ, ಸಮುದ್ರದ ಹತ್ತಿರ ಹೋಗೋಣ ಅಂತ..." ಅವಳು ಅವರ ಮುಖ ನೋಡಿದಳು, ಪರದೆ ನೋಡಿದಳು. ಕೈ ಬಾಯಿಗೆ ಹೋಯಿತು.

"ಇದೇ ನಿನ್ನ ನಶ್ವಾ," ಎಂದರು ಬಹ್ಗತ್.

ಅವಳಿಗೆ ಅಳು ಬರಲಿಲ್ಲ. ಅದು ಬಹಳ ಹೊತ್ತಿನ ಮೇಲೆ ಬರುವ ಬಗೆಯದು ಎಂದು ಅವರಿಗೆ ಗೊತ್ತಿತ್ತು. "ಆ ಮಚ್ಚೆ," ಎಂದಳು. "ಅಳಿಸಲಾ ಬೇಡವಾ ಅಂತ ಯೋಚನೆ ಮಾಡಿದ್ದೆ ಹಾಜಿ. ಹೇಗೂ ಹೂ ಹಾಕ್ತೀನಲ್ಲ ಅಂತ ಬಿಟ್ಟೆ. ಯಾರ ಮನೆ ಮಗಳೋ ಪಾಪ, ಎಷ್ಟು ಚೆನ್ನಾಗಿ ನಗ್ತಾಳೆ ಅಂದ್ಕೊಂಡು ಒಂದು ದುವಾ ಓದಿದ್ದೆ. ಅದೇ ದಿನ ಸಂಜೆ ನಶ್ವಾಳ ಜೊತೆ ಫೋರಂನಲ್ಲಿ ಮಾತಾಡ್ದೆ. ಇವತ್ತು ಒಂದು ಹುಡುಗಿಗೆ ಸಾವಿನ ಚಿತ್ರ ಮಾಡ್ತಿದ್ದೀನಿ, ಮನಸ್ಸು ಸರಿ ಇಲ್ಲ ಅಂತ ಅವಳಿಗೇ ಹೇಳ್ದೆ. ಅವಳು, ಬಿಳಿ ಗುಲಾಬಿ ಹಾಕು, ಸಾವಿಗೆ ಅದೇ ಚೆನ್ನ ಅಂದಳು."

ಬಹ್ಗತ್ ಕಣ್ಣು ಮುಚ್ಚಿದರು. ಬೇಡಿದ್ದು ಸಿಕ್ಕಿತ್ತು. ನಶ್ವಾ ಬದುಕಿದ್ದಾಗಲೇ ಯಾರೋ ಅವಳ ಸಾವನ್ನು ಬರೆಸಿಟ್ಟಿದ್ದರು; ನಾಳೆ ಇದನ್ನು ಮೇಜಿನ ಮೇಲಿಟ್ಟರೆ ಯಾರೂ ನಗುವುದಿಲ್ಲ. ಆದರೆ ಎದೆಯಲ್ಲಿ ಹಗುರವೆಂಬುದು ಎಲ್ಲೂ ಇರಲಿಲ್ಲ. ಸೇತುವೆಯ ಮೇಲೆ ಬರಿಯ ಚಪ್ಪಲಿ ಸಿಕ್ಕ ದಿನದಿಂದ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ಸಣ್ಣ ಆಸೆ, ಎಲ್ಲೋ ಇದ್ದಾಳೆ ಎಂಬುದು, ಆ ಗುಲಾಬಿಗಳ ಜೊತೆಗೇ ಹೋಗಿತ್ತು.

"ಮಾಡಿಸಿದವರು ಯಾರು?"

ಇಬ್ತಿಹಾಲ್ ಖಾಸಗಿ ಸಂದೇಶಗಳ ಪುಟ ತೆರೆದು ಗಟ್ಟಿಯಾಗಿ ಓದಿದಳು: "'ತಂಗಿ, ನನ್ನ ಮಗಳು ದೇವರ ಕರುಣೆಗೆ ಸೇರಿದಳು. ಫೋಟೋ ಕಳಿಸಿದ್ದೇನೆ. ಅಗಲ ಐನೂರು, ಎತ್ತರ ಇನ್ನೂರು. ಬಣ್ಣ ಬಿಳಿ ಮತ್ತು ನೀಲಿ. ಮುಖ ಮುಚ್ಚಿ. ಹೆಸರಿನ ಜಾಗ ಖಾಲಿ ಬಿಡಿ, ಮನೆಯವರೇ ಬರೆದುಕೊಳ್ಳುತ್ತೇವೆ.' ಕಳಿಸಿದವರು ಅಬೂ ಲುತ್ಫಿ ಅಂತ."

"ಏನಂದೆ?"

"ಅಬೂ ಲುತ್ಫಿ. ಲುತ್ಫಿಯ ತಂದೆ. ತಡೀರಿ, ವಿಭಾಗ ನೋಡಿಕೊಳ್ಳೋರಿಗೆ ಇಮೇಲ್ ಕಾಣುತ್ತೆ." ಅವಳು ಇನ್ನೊಂದು ಪುಟ ತೆರೆದಳು. "ಊರು ದಮನ್‌ಹೂರು. ಹುಟ್ಟಿದ್ದು ಸಾವಿರದ ಒಂಬೈನೂರ ನಲವತ್ತೈದು. ಇಮೇಲ್..."

ಓದಲಿಲ್ಲ. ಓದುವ ಅಗತ್ಯವಿರಲಿಲ್ಲ. ಅಲ್ಲಿ ಬಹ್ಗತ್ ಎಂಬ ಹೆಸರೇ ಇತ್ತು.

ಅವಳ ಕುರ್ಚಿ ಮೆಲ್ಲಗೆ ಹಿಂದಕ್ಕೆ ಸರಿಯಿತು.

"ನಿಮ್ಮ ಮಗನ ಹೆಸರೇನು ಹಾಜಿಯವರೇ?"

"ಲುತ್ಫಿ."

"ಅಮ್ಮಾ," ಎಂದಳು ಇಬ್ತಿಹಾಲ್. ತಫೀದಾ ಅಕ್ಕಿಯ ತಟ್ಟೆಯನ್ನು ಕೆಳಗಿಟ್ಟಳು.

"ಹೆದರಬೇಡಿ," ಎಂದರು ಬಹ್ಗತ್. ತಾವು ವಿಚಾರಣೆಗೆ ಕೂತವರಂತೆ ಎರಡೂ ಕೈಯನ್ನು ಮೊಣಕಾಲಿನ ಮೇಲೆ ಕಾಣುವಂತೆ ಇಟ್ಟುಕೊಂಡಿದ್ದರು. ಅದು ಅವರಿಗೆ ಆಮೇಲೆ ಗೊತ್ತಾಯಿತು. "ನಶ್ವಾ ಮಾಡಿಕೊಟ್ಟ ಖಾತೆ ಅದು. ತಾನು ಮಾಡಿದ ಚಿತ್ರ ಅಪ್ಪ ನೋಡಲಿ ಅಂತ. ಮೂರು ಸಲ ತೆಗೆದಿದ್ದೆ, ಕಣ್ಣು ನೋವು ಅಂತ ಬಿಟ್ಟೆ. ಪಾಸ್‌ವರ್ಡ್ ನನ್ನ ಹೆಂಡತಿಯ ಹೆಸರು. ಮರೀತೀನಿ ಅಂತ ಲುತ್ಫಿ ಅದನ್ನ ಚೀಟೀಲಿ ಬರೆದು ಕಂಪ್ಯೂಟರಿಗೇ ಅಂಟಿಸಿದ್ದಾನೆ. ಮನೆಗೆ ಬಂದವರೆಲ್ಲ ಓದಬಹುದು."

"ಯಾರು ಬರ್ತಾರೆ?"

"ಲುತ್ಫಿ ಇರ್ತಾನೆ. ತಲ್‌ಅತ್ ಬರ್ತಾನೆ. ನಶ್ವಾಳಿಗೆ ಗೊತ್ತು ಮಾಡಿದ್ದ ಹುಡುಗ. ಅವಳು ಹೋದ ಮೇಲೂ ಶುಕ್ರವಾರ ಬೆಳಿಗ್ಗೆ ಅವರೆಬೇಳೆ ಪಲ್ಯ, ರೊಟ್ಟಿ ತಗೊಂಡು ಬರ್ತಾನೆ. ಇವತ್ತೂ ಬಂದಿದ್ದ. ಮೂರು ಜನ ಕೂತು ತಿಂದ್ವಿ."

"ಇನ್ನೊಬ್ಬರಿಗೂ ಗೊತ್ತಿತ್ತಲ್ಲ," ಎಂದಳು ಇಬ್ತಿಹಾಲ್. "ಪಾಸ್‌ವರ್ಡ್. ಖಾತೆ ಮಾಡಿದವಳಿಗೆ."

ಆ ಮಾತು ಬರುತ್ತದೆ ಎಂದು ಬಹ್ಗತ್‌ಗೆ ತಿಳಿದಿತ್ತು. ನಾಳೆ ಅಧಿಕಾರಿಯೂ ಅದನ್ನೇ ಹೇಳುತ್ತಾನೆ. ಹುಡುಗಿ ತನ್ನ ಸಾವಿನ ಚಿತ್ರವನ್ನು ತಾನೇ, ತಂದೆಯ ಹೆಸರಿನಲ್ಲಿ ಮಾಡಿಸಿಕೊಂಡಳು. ಯಾವ ಹೂ ಎಂದು ಕೂಡ ಹೇಳಿದಳು. ಹಾಗಲ್ಲವಾದರೆ, ಹಾಜಿ ಬಹ್ಗತ್, ಖಾತೆ ತಮ್ಮದು. ತಾವು ಸ್ವಲ್ಪ ಹೊರಗೆ ಕೂತಿರಿ. ಮಗಳ ಮೇಲಿನ ಮಾತನ್ನು ಅಳಿಸಬಲ್ಲ ಒಂದೇ ಸಾಕ್ಷಿ ಹೀಗೆ ಎರಡು ಕಡೆಗೆ ಮಾತ್ರ ಬೆರಳು ತೋರುತ್ತಿತ್ತು, ಒಂದು ಅವಳ ಕಡೆಗೆ, ಇನ್ನೊಂದು ತಮ್ಮ ಕಡೆಗೆ.

"ಅವಳಾಗಿದ್ದರೆ ನಿನ್ನ ಕೈಲಿ ಮಾಡಿಸ್ತಿರಲಿಲ್ಲ," ಎಂದರು. "ಇಡೀ ದಿನ ಇದೇ ಕೆಲಸ ಮಾಡೋಳು ತಾನೇ ಮಾಡಿಕೊಳ್ತಿದ್ದಳು."

ಇಬ್ತಿಹಾಲ್ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಸಂದೇಶಗಳನ್ನು ಕೆಳಗೆ ಸರಿಸುತ್ತಿದ್ದಳು. "ಮೂರು ಸಲ ಕೇಳಿದ್ದಾರೆ. 'ಆಯಿತೇ ತಂಗಿ?' ಹಬ್ಬದ ಕೆಲಸ ಇತ್ತು, ಆಮೇಲೆ ಕೊಡ್ತೀನಿ ಅಂದಿದ್ದೆ. ಮತ್ತೆ ಕೇಳಿದ್ದಾರೆ. ಚಿತ್ರ ಮೊದಲೇ ಆಗಿತ್ತು, ಕಳಿಸೋದು ಮರೆತಿದ್ದೆ."

"ಯಾವತ್ತು ಕಳಿಸಿದೆ?"

ಬಾಣದ ಗುರುತು ಒಂದು ಸಾಲಿನ ಮೇಲೆ ನಿಂತಿತು.

"ಐದನೇ ತಾರೀಕು. ಸಂಜೆ, ಅಸರ್ ನಮಾಜ್ ಆದ ಮೇಲೆ."

ನಶ್ವಾ ಆರನೆಯ ತಾರೀಕು ಬೆಳಿಗ್ಗೆ ಹೋದಳು.

"ಕಾಯ್ತಿದ್ದರು," ಎಂದಳು ಇಬ್ತಿಹಾಲ್. "ಚಿತ್ರ ಕೈಗೆ ಬರೋವರೆಗೆ ಕಾಯ್ತಿದ್ದರು, ಹಾಜಿ. ನಾನು ಮರೆತಷ್ಟು ದಿನ ಅವಳು ಬದುಕಿದ್ದಳು. ಇನ್ನೊಂದು ವಾರ ಮರೆತಿದ್ದರೆ..."

"ಹಾಗನ್ನಬೇಡ. ಆಯುಸ್ಸು ನಿನ್ನ ಕೈಲಿರಲಿಲ್ಲ." ಅವರೇ ಹೇಳಿದ ಮಾತು ಅವರಿಗೇ ಆಸರೆಯಾಗಲಿಲ್ಲ.

ಆಗ ಪರದೆಯ ಕೆಳಗೆ ಏನೋ ಬದಲಾಯಿತು. ಆ ಹೊತ್ತಿಗೆ ಫೋರಂನಲ್ಲಿ ಯಾರು ಯಾರಿದ್ದಾರೆ ಎಂಬ ಪಟ್ಟಿ ಅಲ್ಲಿತ್ತು. ಬಂದವರ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು. ಏಳೆಂಟು ಹೆಸರುಗಳ ಕೊನೆಗೆ ಇನ್ನೊಂದು ಸೇರಿತು.

ಅಬೂ ಲುತ್ಫಿ.

ಬಹ್ಗತ್‌ರ ಎರಡೂ ಕೈ ಇನ್ನೂ ಮೊಣಕಾಲಿನ ಮೇಲೆಯೇ ಇದ್ದವು. ಇಬ್ತಿಹಾಲ್ ಆ ಕೈಗಳನ್ನು ನೋಡಿದಳು, ಚುಕ್ಕೆಯನ್ನು ನೋಡಿದಳು. ಸರಿದಿದ್ದ ಕುರ್ಚಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

"ಕ್ಷಮಿಸಿ, ಹಾಜಿ."

"ಏನಾಯ್ತೇ?" ಎಂದಳು ತಫೀದಾ.

ಹೊಸ ಸಂದೇಶ ಬಂದಿತ್ತು. ಇಬ್ತಿಹಾಲ್ ತೆರೆದಳು. ಈ ಸಲ ಗಟ್ಟಿಯಾಗಿ ಓದಲಿಲ್ಲ, ಬಹ್ಗತ್ ತಾವೇ ಓದಿಕೊಂಡರು.

'ತಂಗಿ, ಹೋದ ಸಲದ್ದು ಬಹಳ ಚೆನ್ನಾಗಿತ್ತು. ದೇವರು ನಿನ್ನ ಕೈಗೆ ಒಳ್ಳೆಯದು ಮಾಡಲಿ. ಇನ್ನೊಂದು ಬೇಕಿತ್ತು, ಮನೆಯ ಹಿರಿಯರೊಬ್ಬರಿಗೆ. ಅಳತೆ ಅದೇ. ಹೆಸರಿನ ಜಾಗ ಖಾಲಿ ಬಿಡು. ಯಾವಾಗ ಸಿಗುತ್ತದೆ?'

ಕೆಳಗೆ ಫೋಟೋ ನಿಧಾನವಾಗಿ ಮೇಲಿನಿಂದ ತೆರೆದುಕೊಳ್ಳುತ್ತ ಬಂತು. ಮೊದಲು ಒಂದು ಕಿಟಕಿ. ಆಮೇಲೆ ಕುರ್ಚಿಯ ಮೇಲೆ ಹಾಕಿದ ಕಪ್ಪು ಕೋಟು. ಆಮೇಲೆ ನಮಾಜಿನ ಚಾಪೆಯ ಮೇಲೆ ಕೂತ ಒಬ್ಬ ಮುದುಕನ ಬೆನ್ನು. ನಮಾಜಿನಲ್ಲಿರುವವನ ಬೆನ್ನು, ತಿರುಗಿ ನೋಡದ ಬೆನ್ನು.

ಕೋಟಿನ ತೋಳು ಕುರ್ಚಿಯಿಂದ ಕೆಳಗೆ ಜೋತುಬಿದ್ದಿತ್ತು. ತೋಳಿನ ಗುಂಡಿ ಕೆಂಪು ದಾರದ್ದು.

ಬೆಳಿಗ್ಗೆ ಎಂಟಕ್ಕೆ ಗುಂಡಿ ಹೊಲಿದಿದ್ದರು. ಎಂಟೂವರೆಗೆ ಕೋಟನ್ನು ಕುರ್ಚಿಯ ಮೇಲಿಟ್ಟು ಎರಡು ರಕಾತ್ ನಮಾಜ್ ಮಾಡಿದ್ದರು. ಆಗ ಲುತ್ಫಿ ಅಡಿಗೆಮನೆಯಲ್ಲಿ ಚಹಾ ಕಾಸುತ್ತಿದ್ದ. ತಲ್‌ಅತ್ ಆಗ ತಾನೆ ಬಂದು, ದೇವರು ನಿಮ್ಮ ಪ್ರಾರ್ಥನೆ ಸ್ವೀಕರಿಸಲಿ, ಎಂದಿದ್ದ.

ಇಬ್ತಿಹಾಲ್ ಕೀಲಿಮಣೆಗೆ ಕೈ ಹಾಕಿದಳು. "ಆಗಲ್ಲ ಅಂತ ಬರೀತೀನಿ. ಕಂಪ್ಯೂಟರ್ ಕೆಟ್ಟಿದೆ ಅಂತೀನಿ. ಒಂದು ತಿಂಗಳು ಅಂತೀನಿ, ಒಂದು ವರ್ಷ ಅಂತೀನಿ. ಕೊಡದೇ ಇದ್ದರೆ ಅವರು ಕಾಯ್ತಾರೆ, ಹಾಜಿ. ಕಾಯ್ತಾರೆ. ನೀವೇ ನೋಡಿದ್ರಲ್ಲ."

ಬಹ್ಗತ್ ಎದ್ದು, ಕೋಟಿನ ತೋಳನ್ನು ಸರಿಮಾಡಿಕೊಂಡರು. ಪರದೆಯ ಮೇಲೆ ತಮ್ಮ ಬೆನ್ನಿನ ಫೋಟೋದ ಹಿಂದೆ, ಮರೆಯಲ್ಲಿ, ಪದರಗಳ ಕಡತ ತೆರೆದೇ ಇತ್ತು. ಅದರ ಅಂಚಿನಲ್ಲಿ ತಾರಸಿಯ ಬಿಸಿಲೂ ನಶ್ವಾಳ ನಗುವಿನ ಒಂದು ತುದಿಯೂ ಕಾಣುತ್ತಿದ್ದವು.

"ನಾಳೆ ಬೆಳಿಗ್ಗೆ ಹತ್ತಕ್ಕೆ ಸಿಗುತ್ತೆ ಅಂತ ಬರಿ, ಮಗಳೇ. ಆ ಹೊತ್ತಿಗೆ ನಾನು ಪ್ರಾಸಿಕ್ಯೂಷನ್ ಅಧಿಕಾರಿಯ ಮುಂದೆ ಕೂತಿರ್ತೀನಿ," ಎಂದರು. "ಬಿಳಿ ಗುಲಾಬಿ ಹಾಕು. ಹೆಸರಿನ ಜಾಗ ಖಾಲಿ ಇರಲಿ."